ಬಳೆ ಇದ್ದ ಜಾಗ

ಮೊನ್ನೆ ಒಬ್ಬ ಹುಡುಗ ಅಂಗಡಿಗೆ ಬಂದ.
'ಕದಿರಪ್ಪನವರ ಪಿಚ್ಚರಲ್ಲಿ ಮಾಡಿದ್ದವರು ನೀವೇನಾ?'
ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಿದ್ದೆ,
ಕತ್ತರಿ ಕೆಳಗಿಡಲಿಲ್ಲ.
'ಮಾಡಿದ್ದೇನು ಬಂತು, ನಡಿ ಅಂದರು, ನಡೆದೆ.'

ಶಿಡ್ಲಘಟ್ಟದ ಹೊರಗೆ, ಕೆರೆಕಟ್ಟೆಯ ಕೆಳಗೆ
ಅವರಣ್ಣನ ಹಿಪ್ಪುನೇರಳೆ ತೋಟ.
ಎರಡು ಸಾವಿರದ ಎರಡು, ಸಂಕ್ರಾಂತಿ ಕಳೆದ ಚಳಿ.
ಮದುವೆಗಳಿಗೆ ಬಾಡಿಗೆ ಹೋಗುತ್ತಿದ್ದ ಕ್ಯಾಮೆರಾ,
ಒಳಗೆ ಬೆರಳುದ್ದದ ಟೇಪು:
ಮೊದಲ ಹತ್ತು ನಿಮಿಷ ಯಾರದೋ ಧಾರೆ,
ಆಮೇಲೆ ಇನ್ನೊಂದು ಗ್ರಹ.

'ಸ್ಟುಡಿಯೊದವರು ಹಸಿರು ಬಟ್ಟೆ ಕಟ್ಟುತ್ತಾರಂತೆ,
ನಮಗೆ ದೇವರೇ ಎರಡೆಕರೆ ಕಟ್ಟಿಕೊಟ್ಟಿದ್ದಾನೆ'
ಅಂತ ನಕ್ಕರು.
ಎಲೆಯೆಲ್ಲ ಅಳಿಸಿ ಅಲ್ಲಿ ನಕ್ಷತ್ರ ತುಂಬುವುದು,
ಮಧ್ಯೆ ನಾನು ನಡೆಯುವುದು.

ಅಂತರಿಕ್ಷದ ಹಡಗು ಅಂದರೆ ಚಂದ್ರಿಕೆ,
ಹುಳು ಗೂಡು ಕಟ್ಟುವ ಬಿದಿರ ತಟ್ಟೆ, ಸುರುಳಿ ಸುರುಳಿ.
ಸೈಕಲ್ ಚಕ್ರಕ್ಕೆ ಬಿಗಿದು, ಹಿಂದೊಂದು ಬಲ್ಬು ಹಚ್ಚಿ
ತಿರುಗಿಸಿದರು.
ಆ ಗ್ರಹದ ಬೆಟ್ಟಗುಡ್ಡ, ಮಾರ್ಕೆಟ್ಟಿನ ಗೂಡಿನ ರಾಶಿ,
ಗೇಣು ದೂರದಿಂದ.
ಅಲ್ಲಿ ಸುರಿಯುವ ಮಳೆ ಮಳೆಯಲ್ಲ,
ನಾಲ್ಕನೇ ಜ್ವರ ಬಿಟ್ಟೆದ್ದ ಹುಳುಗಳು
ಒಟ್ಟಿಗೆ ಸೊಪ್ಪು ಮೇಯುವ ಸದ್ದು.
ಹೆಸರೂ ಅದೇ: ನಾಲ್ಕನೇ ಜ್ವರ.
ನಮ್ಮೂರವರಿಗೆ ತಿಳಿಯಿತು.
ಗಾಂಧಿನಗರದಿಂದ ಬಂದವನೊಬ್ಬ
'ಡಾಕ್ಟರ ಕಥೆಯಾ?' ಅಂತ ಕೇಳಿದ.

ಹನ್ನೊಂದು ಸೆಕೆಂಡಿಗೆ ಒಂದು ರಾತ್ರಿ.
ಮುಚ್ಚಳ ಬಿಚ್ಚಿದ ಕಂಪ್ಯೂಟರಿಗೆ ಟೇಬಲ್ ಫ್ಯಾನು,
ಕದಿರಪ್ಪನಿಗೆ ಸೊಳ್ಳೆ.
ಕರೆಂಟು ಹೋದರೆ ಮತ್ತೆ ಒಂದರಿಂದ.
ಹುಳು ಹಣ್ಣಾಗುವುದನ್ನು ಕಾಯುವವರ ಹಾಗೆ
ಕೂತೇ ಇದ್ದರು.

ಬೆಳಿಗ್ಗೆ ಕರೆಸಿದರು. ನೋಡಿದೆ.
ತೋಟವಿಲ್ಲ, ಬದುವಿಲ್ಲ, ಕಾಲ ಕೆಳಗೆ ಕತ್ತಲು,
ನಾನು ನಡೆಯುತ್ತಿದ್ದೇನೆ,
ಎರಡೂ ಮಣಿಕಟ್ಟು ಕತ್ತರಿಸಿಹೋಗಿದೆ.
ಹಸಿರು ಗಾಜಿನ ಬಳೆ, ಅಮ್ಮಿ ತೊಡಿಸಿದ್ದು.
ಎಲೆಯ ಜೊತೆ ಅವೂ ಅಳಿಸಿ
ತೋಳು ಇಲ್ಲಿ, ಅಂಗೈ ಅಲ್ಲಿ,
ನಡುವೆ ಮಿಣಮಿಣ ನಕ್ಷತ್ರ.

'ಬಳೆ ಬಿಚ್ಚಿಡ್ತೀನಿ ಸಾರ್, ಇನ್ನೊಂದು ಸಲ ತೆಗೀರಿ.'
ಅವರು ಉಗುರಿಂದ ಗಾಜು ಮುಟ್ಟಿದರು.
ತುಂಬಾ ಹೊತ್ತು.
'ಬೇಡ ಜಬೀನಾ.
ಅಲ್ಲಿನವರ ಕೈ ಹೀಗೇ ಇರ್ತದೆ.'
ಅಂದೇ ಕಥೆ ಬದಲಾಯಿತು.

ಟಾಕೀಸಿನವರು 'ರೀಲೆಲ್ಲಿ?' ಅಂದರು.
ಟೇಪು ತೋರಿಸಿದರೆ, ಇದು ಮುಂಜಿ ಮದುವೆಗೆ ಸರಿ, ಅಂದರು.
ಛತ್ರವೊಂದರಲ್ಲಿ ಬಿಳಿ ಪಂಚೆಯ ಮೇಲೆ ಎರಡು ಆಟ.
ಆಮೇಲೆ ಸೀಡಿ, ಸೀಡಿಯ ನಕಲು, ನಕಲಿನ ನಕಲು;
ಯಾವ ಯಾವ ಊರಿನ ಹಾಸ್ಟೆಲಿಗೆ ಹೋಯಿತೋ,
ಲೆಕ್ಕ ಇಟ್ಟವರಿಲ್ಲ.
ಅದೇ ಟಾಕೀಸಿನಲ್ಲಿ ಈಗ ರೀಲೇ ಇಲ್ಲ,
ಪಿಚ್ಚರು ಡಬ್ಬಿಯಲ್ಲಿ ಬರುತ್ತದೆ.

ಕದಿರಪ್ಪ ಹೋಗಿ ಆರು ವರ್ಷ.
ಹುಡುಗ ಹೇಳಿದ,
ದೊಡ್ಡ ದೊಡ್ಡ ಪಿಚ್ಚರುಗಳಲ್ಲೂ ಈಗ
ಬೇರೆ ಲೋಕದವರ ಮಣಿಕಟ್ಟಲ್ಲಿ ಆಕಾಶ ಕಾಣುತ್ತದಂತೆ,
ಅದನ್ನು ಅಳಿಸಲಿಕ್ಕೇ ನೂರು ಜನ ಕೂರುತ್ತಾರಂತೆ.
ಯಾರಿಗೂ ಗೊತ್ತಿಲ್ಲ ಇದು
ಒಂದು ಡಜನ್ ಬಳೆಯ ತಪ್ಪು ಅಂತ.
ನಾನಂತೂ ಫೋಟೊಗೆ ಬಂದವರನ್ನು ಇವತ್ತಿಗೂ
ಮೊದಲು ಕೇಳುತ್ತೇನೆ: ಹಸಿರು ಹಾಕಿಲ್ಲ ತಾನೆ?

'ಈಗ ಸರಿಮಾಡಬಹುದು ಆಂಟಿ,
ಯಂತ್ರವೇ ಊಹಿಸಿ ತುಂಬುತ್ತದೆ' ಅಂತ
ಲ್ಯಾಪ್‌ಟಾಪ್ ತಿರುಗಿಸಿದ.
ಹತ್ತೊಂಬತ್ತರ ನಾನು, ಚೊಕ್ಕ ಮುಖ, ಪೂರ್ತಿ ಕೈ.
ಯಂತ್ರ ಚಿನ್ನದ ಬಳೆ ತೊಡಿಸಿತ್ತು.
ಅಬ್ಬಾ ನೂಲು ಬಿಚ್ಚುವ ಕೂಲಿಗೆ ಹೋಗುತ್ತಿದ್ದ ಮನೆಯಲ್ಲಿ
ಚಿನ್ನ!
ನಗು ತಡೆಯಲಾಗಲಿಲ್ಲ. ಅವನೂ ನಕ್ಕ, ಯಾಕೆಂದು ತಿಳಿಯದೆ.

'ಹಾಗಾದರೆ ನೀವೇ ಹೇಳಿ, ಎಷ್ಟು ಬಳೆ ಇದ್ದವು?'
ಎಡಗೈಗೆ ಆರು.
ಬಲಗೈಗೂ ಆರೇ, ಆದರೆ ಒಂದು
ಕೊಂಬೆ ತಾಗಿ ಅಲ್ಲೇ ಒಡೆದಿತ್ತು.
ಎಷ್ಟು ಹುಡುಕಿದರೂ ಚೂರು ಸಿಗಲಿಲ್ಲ.
ಹಸಿರಲ್ಲಿ ಹಸಿರು.