ಅರ್ಧ ಇಂಚು

ವಿದರ್ನ್‌ಸೀಯ ಚರ್ಚ್ ಹಾಲು. ಆರಿದ ಚಹಾ.
ಗೋಡೆಗೆ ಅಂಟಿಸಿದ ನಕಾಶೆಯಲ್ಲಿ
ಹತ್ತು ನಿಮಿಷಕ್ಕೆ ಫೈರ್ ಇಂಜಿನ್ ಮುಟ್ಟುವಷ್ಟು ದೂರ
ಹಸಿರು ಗೆರೆ.
ನಮ್ಮ ಓಣಿ ಅದರಾಚೆ,
ಅರ್ಧ ಇಂಚು.

ಇಪ್ಪತ್ತು ವರ್ಷದ ಯೋಜನೆ, ಅಂದರು ಅಧಿಕಾರಿ,
ಎರಡನೇ ಇಂಜಿನ್ ರಾತ್ರಿ ಮಲಗುತ್ತದೆ, ಅಷ್ಟೆ.
ಒಪ್ಪುತ್ತೀರಾ? ಸ್ವಲ್ಪ ಒಪ್ಪುತ್ತೀರಾ?
ಚೌಕದಿಂದ ಚೌಕಕ್ಕೆ ಅಲೆಯಿತು ಪೆನ್ನು.
ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆ
ಗಂಟಲಿಗೆ ಬಂದು ನಿಂತಿತು;
ಬರೆಯಲು ಕೊಟ್ಟದ್ದು ಎರಡೇ ಸಾಲು,
ಅದೂ ಇಂಗ್ಲಿಷಿನಲ್ಲಿ.

ಆಗಲೇ ಬೇಕರಿಯ ಕೀರನ್‌ನ ಸೊಂಟದಲ್ಲಿ
ಪೇಜರ್ ಕಿರುಚಿತು.
ಅವನು, ಹಿಂದೆಯೇ ಪ್ಲಂಬರ್ ಮೊರಾಗ್,
ಕುರ್ಚಿ ಮಗುಚಿ ಓಡಿದರು.

ಯಾರೂ ಮಾತಾಡಲಿಲ್ಲ.
ಸೈರನ್ನು ಯಾವ ಕಡೆ ತಿರುಗೀತೆಂದು
ತನ್ನದೇ ನಕಾಶೆಗೆ ಬೆನ್ನು ಹಾಕಿ
ಅಧಿಕಾರಿಯೂ
ಕಿಟಕಿಗೆ ಕಿವಿಗೊಟ್ಟರು.