ಕಣ್ಣಿಗೆ ಬೀಳದ್ದು

ಅಮ್ಮತ್ತಿ ಶಾಲೆ, ಎಂಟನೇ ಕ್ಲಾಸು, ಮೂರನೇ ಪೀರಿಯಡ್ಡು.
ಬೋರ್ಡಿನ ಈ ತುದಿಯಿಂದ ಆ ತುದಿಗೆ ಬರೆದೆ:
ಇನ್‌ಕಾನ್‌ಸ್ಪಿಕ್ಯುಅಸ್.
ಕಣ್ಣಿಗೆ ಬೀಳದ್ದು ಅನ್ನೋಕೆ
ಇಷ್ಟುದ್ದ ಪದವಾ ಟೀಚರ್, ಎಂದ ಬಿದ್ದಪ್ಪ.
ನಕ್ಕರು ಎಲ್ಲ. ನಾನೂ.

ಅಡಗಿದ್ದಲ್ಲ, ಅಂದೆ. ಬಚ್ಚಿಟ್ಟದ್ದೂ ಅಲ್ಲ.
ಎದುರಿಗೇ ಇರುತ್ತದೆ,
ನೋಟ ಮಾತ್ರ ಜಾರಿ ಪಕ್ಕಕ್ಕೆ ಹೋಗುತ್ತದೆ.
ಮನುಷ್ಯರಿಗೂ ಹೇಳಬಹುದು, ಬಣ್ಣಕ್ಕೂ, ಬಾಗಿಲಿಗೂ.
ಬೈಗುಳವಲ್ಲ.
ಒಂದೊಂದು ಉದಾಹರಣೆ ಕೊಡಿ.

ಕಾಫಿ ಎಲೆಯ ಮೇಲೆ ಹಸಿರು ಹಾವು, ಎಂದಳೊಬ್ಬಳು.
ಕಿತ್ತಳೆ ಮರದ ಚಗಳಿ ಗೂಡು, ಇನ್ನೊಬ್ಬ.
ಕೊನೇ ಬೆಂಚಿನಿಂದ ಒಂದು ದನಿ: "ಆನೆ."

ಬಿದ್ದಪ್ಪ ಡೆಸ್ಕು ಕುಟ್ಟಿ ನಕ್ಕ.
ಅವಳು ನಿಂತೇ ಇದ್ದಳು, ಲೈನ್‌ಮನೆಯ ಹುಡುಗಿ,
ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ.
"ಸಂಜೆ ತೋಟದಲ್ಲಿ ನಿಂತರೆ ಕಾಣಲ್ಲ ಟೀಚರ್,
ಮರದ ನೆರಳು ಅಂದ್ಕೋತೀವಿ.
ಅವ್ವ ಮೆಣಸಿನ ಚೀಲ ಹೊತ್ತು
ಹತ್ತಡಿ ಆಚೆಯಿಂದ ದಾಟಿ ಬಂದಳು.
ಅದೂ ಅವ್ವನ್ನ ನೋಡಲಿಲ್ಲ.
ಇಬ್ಬರಿಗೂ ಆ ಪದ ಆಗುತ್ತೆ."

ಸರಿ, ಅಂದೆ. ಸರಿಯಾಗಿದೆ...
ಹೆಸರು ನಾಲಗೆಗೆ ಬರಲಿಲ್ಲ.
ಜೂನಿನಿಂದ ಮೂವತ್ತೊಂದು ಅಂತಲೇ ಕೂಗಿದ್ದೇನೆ.
"ಬೊಳ್ಳಿ" ಅಂದಳು, ನಾನು ಕೇಳುವ ಮೊದಲೇ.

ಗಂಟೆ ಹೊಡೆಯಿತು. ಡಸ್ಟರ್ ಎತ್ತಿಕೊಂಡಳು ಅವಳೇ.
ಮೊದಲೆರಡು ಅಕ್ಷರ ಒರೆಸಿದ್ದಳೋ ಇಲ್ಲವೋ,
ಗಣಿತದ ಮೇಷ್ಟ್ರು ಬಂದರು, ಓಡಿ ಕೂತಳು.
ಇನ್ ಹೋದರೆ ಅರ್ಥ ತಿರುಗುತ್ತದೆ,
ಎಲ್ಲರ ಕಣ್ಣಿಗೂ ಬೀಳುತ್ತದೆ ಎಂದು
ನಾನಿನ್ನೂ ಹೇಳಿಕೊಟ್ಟಿರಲಿಲ್ಲ.