ಆನೆಹುಣಸೆಗೆ ಅಳತೆ

ಗಾರ್ಡ್ ಓಬಳೇಶಿ ಅಂಗಡಿಗೆ ಬಂದದ್ದು
ನವರಾತ್ರಿ ಕಳೆದ ಮೂರನೇ ದಿನ.
"ಪಾಲಕ್ಕ, ಟೇಪು ಕೊಡು.
ಇಲಾಖೆದು ಜೀಪಿನಾಗೆ ಉಳಕೊಂತು, ಜೀಪು ಬಳ್ಳಾರೀಗೋತು."
ಟೇಪು ಹೋದಲ್ಲಿಗೆ ನಾನೂ ಬರ್ತೀನಿ ಅಂದೆ.
ಚಳ್ಳಕೆರೆಯ ಅರ್ಧ ಊರಿನ ಸೊಂಟ ಅದಕ್ಕೆ ಗೊತ್ತು,
ಇದುವರೆಗೆ ಬಾಯಿ ಬಿಟ್ಟಿಲ್ಲ.

ಶೇಂಗಾ ಮಿಲ್ಲುಗಳ ಕಮಟು ದಾಟಿ,
ಕುರಿಸಂತೆ ಬಯಲು ದಾಟಿ,
ಜಾಲಿಗಳ ನಡುವೆ ಒಂದೇ ಒಂದು.
ಮರ ಅನ್ನಲು ನಾಲಗೆ ತಡೆಯಿತು.
ಮಲಗಿದ್ದ ಆನೆ ಏಳಲು ಹೋಗಿ
ಅರ್ಧಕ್ಕೇ ಮರೆತು ನಿಂತಂತೆ.
ತೊಟ್ಟಿಗೆ ಐದೈದು ಎಲೆ, ಬಿಚ್ಚಿದ ಅಂಗೈ.
ವಯಸ್ಸೆಷ್ಟು ಅಂದರೆ
ಐದು, ಐದು ಎಂದು ಸುಳ್ಳು ಹೇಳುತ್ತಿತ್ತು.

"ಹುಣಸೆ ಅಂತಾರೆ, ಹುಣಸೆ ಅಲ್ಲ."
ತರಬೇತಿಯಲ್ಲಿ ಕಲಿತದ್ದನ್ನು ಓಬಳೇಶಿ ಒಪ್ಪಿಸಿದ.
"ಲೋಕದಾಗೆ ಇದರ ಜಾತಿ ಎಂಟು.
ಆರು ಮಡಗಾಸ್ಕರ ಅನ್ನೋ ದ್ವೀಪದಾಗೆ,
ಆಸ್ಟ್ರೇಲಿಯಾದಾಗೆ ಒಂದು, ಇದು ಆಫ್ರಿಕದ್ದು."
ಎಂಟೇನಾ? ನಮ್ಮ ಬೀದಿಯಲ್ಲೇ ಅದಕ್ಕಿಂತ ಹೆಚ್ಚು.
ಇಲ್ಲಿಗೆ ತಂದವರು ಯಾರು, ಕೇಳಿದೆ.
"ಯಾರೂ ಬರೆದಿಟ್ಟಿಲ್ಲ. ಕುದುರೆ ಮಾರೋರು, ಫಕೀರರು,
ಯಾರದೋ ಜೋಳಿಗೆ ತೂತು."
ತೂತು ಅಂದದ್ದೇ
ಕೈ ತಾನಾಗಿ ಸೆರಗಿನ ಸೂಜಿಗೆ ಹೋಯಿತು.
ಅವತ್ತು ನನ್ನಂಥವಳೊಬ್ಬಳು ಹೊಲಿದುಕೊಟ್ಟಿದ್ದರೆ
ಈ ಮರ ಇಲ್ಲ.

ಅರವತ್ತಿಂಚಿನ ಟೇಪು.
ಅಜ್ಜಿಯ ಸೊಂಟ ತಬ್ಬಲು ಹೋದ ಕೂಸಿನಂತೆ
ಒಂದು ಮಗ್ಗುಲಲ್ಲೇ ಮುಗಿಯಿತು.
ಸೀಮೆಸುಣ್ಣದ ಗೆರೆ ಎಳೆದು ಮುಂದಕ್ಕೆ,
ಮತ್ತೆ ಗೆರೆ, ಮತ್ತೆ ಮುಂದಕ್ಕೆ.
ನಾಲ್ಕನೆಯದಕ್ಕೆ ಓಬಳೇಶಿ ಮರೆಯಾದ,
ಆರನೆಯದಕ್ಕೆ ಅವನ ಬೀಡಿ ವಾಸನೆಯೂ ಇಲ್ಲ.
ತೊಗಟೆಯ ಮೇಲೆ ಯಾರೋ ಕೊರೆದ ಹೆಸರು,
ಮರ ದಪ್ಪಗಾಗುತ್ತ ಅಕ್ಷರವೂ ಹಿಗ್ಗಿ
ಪ್ರೀತಿ ಓದಲು ಬಾರದಷ್ಟು ಅಗಲವಾಗಿತ್ತು.
ಒಂಬತ್ತು ಟೇಪು ಮುಗಿದು ಇಪ್ಪತ್ತೆರಡನೇ ಇಂಚಿಗೆ
ನಾನು ಹೊರಟ ಗೆರೆ ನನಗೇ ಎದುರಾಯಿತು.
ನಲವತ್ತಾರು ಅಡಿ, ಹತ್ತಿಂಚು.
ರವಿಕೆಗೆ ಎಷ್ಟು ಬಟ್ಟೆ ಬೇಕೆಂದು ಲೆಕ್ಕ ಹಾಕಿ
ಒಬ್ಬಳೇ ನಕ್ಕೆ.

ಶಿವರಾತ್ರಿ ಕಳೆದ ಮೇಲೆ ಮತ್ತೆ ಕರೆದ.
ಈಗ ಎಲೆ ಒಂದೂ ಇಲ್ಲ.
ಬೇರನ್ನು ಆಕಾಶಕ್ಕೆ ಮಾಡಿ ತಲೆ ಹೂತು ನಿಂತಿದೆ.
ಉದ್ದ ತೊಟ್ಟಿಗೆ ಕಾಯಿ ತೂಗುತ್ತಿವೆ,
ಮೇಲೆ ಮಾಸಿದ ಹಸಿರು ಮಖಮಲ್ಲು,
ಹೊಲಿಗೆ ಎಲ್ಲಿ ಹಾಕಿದನೋ, ಹುಡುಕಿದೆ, ಸಿಗಲಿಲ್ಲ.
ಕಲ್ಲಿಗೆ ಕುಕ್ಕಿದರೆ ಒಳಗೆ
ನನ್ನ ಸೀಮೆಸುಣ್ಣದ್ದೇ ಚೂರುಗಳು, ಬಿಳಿ, ಒಣಗಿದ್ದು,
ನಡುವೆ ಕೆಂಪು ನೂಲು, ಕಪ್ಪು ಬೀಜ.
ಬಾಯಿಗಿಟ್ಟೆ. ಹುಳಿ ನಿಧಾನಕ್ಕೆ ಕರಗಿ
ಕಿವಿಯ ಹಿಂದೆ ಜುಮ್ಮೆಂದಿತು.

ಅಳೆದರೆ ಮೂರು ಬೆರಳು ಕಮ್ಮಿ.
"ಮರ ಎಲ್ಲಾನ ಸಣ್ಣಗಾಗ್ತದಾ? ನೀನೇ ತಪ್ಪಳೆದಿ."
ಮೂರು ಸಲ ಸುತ್ತಿದೆ. ಕಮ್ಮಿಯೇ.
ಮಳೆಯಲ್ಲಿ ಕುಡಿದದ್ದನ್ನು
ಬೇಸಿಗೆಗೆ ಇಷ್ಟಿಷ್ಟೇ ತೆಗೆದು ಬದುಕುವ ಮೈ ಅದು.
ಹೆರಿಗೆಗೆ ಮುಂಚೆ ಅಳತೆ ಕೊಟ್ಟು
ಬಾಣಂತನ ಮುಗಿಸಿ ಬಂದು ಬಿಗಿ, ಸಡಿಲ ಅನ್ನುವವರನ್ನು
ನಾನು ದಿನಾ ನೋಡುತ್ತೇನೆ.
ಯಾವ ಅಳತೆ ಸುಳ್ಳು?
"ಒಳಗೆ ಎರಡಿಂಚು ಬಿಡಬೇಕು ಓಬಳೇಶಿ,
ಉಸಿರಾಡೋ ಯಾವುದಕ್ಕಾದರೂ."
ಅವನು ರಿಜಿಸ್ಟರಿನಲ್ಲಿ ಹಳೆಯದನ್ನೇ ಬರೆದ.
ಹೊಸದು ನನ್ನ ಬಿಲ್ಲುಬುಕ್ಕಿನ ಬೆನ್ನಿಗಿದೆ,
ಗಿರಾಕಿಯ ಹೆಸರಿನ ಜಾಗ ಖಾಲಿ.

ಮೊನ್ನೆ ಅವನ ಖಾಕಿ ಪ್ಯಾಂಟು ರಿಪೇರಿಗೆ ಬಂತು.
ಬಲಗಡೆ ಜೇಬು ತಳ ಹರಿದಿದೆ,
ಮೂಲೆಯಲ್ಲಿ ಸಿಕ್ಕಿಕೊಂಡು ಎರಡು ಕಪ್ಪು ಬೀಜ.
ನಾಳೆ ಬಾ ಅಂದಿದ್ದೇನೆ.
ಇನ್ನೂ ಹೊಲಿದಿಲ್ಲ.